ತಿಥಿ ಹೇಳಿ ಬರುವ ಅತಿಥಿ

ಜಪಾನಿಗೆ ಹೋಗಿ ಬಂದ ನಮ್ಮ ಐಟಿ ಮಂದಿ ರಿಯೋಕಾನ್ ಬಗ್ಗೆ ಹೇಳೋದು ಎರಡೇ ಥರ. ಒಂದು, "ಸ್ವರ್ಗ ಮಾರಾಯಾ, ಜೀವನದಲ್ಲಿ ಒಂದ್ಸಲ ಹೋಗ್ಲೇಬೇಕು." ಇನ್ನೊಂದು, "ಅಷ್ಟು ದುಡ್ಡು ಕೊಟ್ಟು ನೆಲದ ಮೇಲೆ ಮಲಗಿ, ಹಸಿ ಮೀನು ತಿಂದು ಬಂದ್ವಿ. ಅದೂ ಸಂಜೆ ಆರೂವರೆಗೇ ಊಟ!" ಹೊಗಳೋರು, ಬೈಯೋರು ಇಬ್ಬರೂ ಅದನ್ನ ಅಳೆಯೋದು ಹೋಟೆಲ್ಲಿನ ಅಳತೆಗೋಲಿನಲ್ಲೇ. ರೂಮು ಎಷ್ಟು ದೊಡ್ಡದು, ಸರ್ವಿಸ್ ಎಷ್ಟು ಬೇಗ, ಕೇಳಿದ್ದು ಸಿಕ್ತಾ ಇಲ್ವಾ. ಐದರಲ್ಲಿ ಎಷ್ಟು ಸ್ಟಾರ್ ಅಂತ ಒತ್ತಿ ಮುಂದಕ್ಕೆ ಹೋಗ್ತಾರೆ. ರಿಯೋಕಾನ್ ಹೋಟೆಲ್ ಅಲ್ಲ ಅನ್ನೋದನ್ನ ಒಪ್ಪಿಕೊಂಡ ಮೇಲಷ್ಟೇ ಅದರ ಹೆಚ್ಚುಗಾರಿಕೆ ಏನು, ಹುಳುಕು ಎಲ್ಲಿದೆ ಅಂತ ಮಾತಾಡೋಕೆ ಸಾಧ್ಯ. ಹುಳುಕೂ ಇದೆ. ಅದನ್ನ ರೀಲ್ಸ್ ಮಾಡೋರು ಯಾರೂ ಹೇಳಲ್ಲ.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ರಿಯೋಕಾನ್ ಅಂದ್ರೆ ಜಪಾನಿನ ಸಾಂಪ್ರದಾಯಿಕ ತಂಗುಮನೆ. ತತಾಮಿ ಅನ್ನೋ ಜೊಂಡಿನ ಚಾಪೆ ಹಾಸಿದ ಕೋಣೆ, ಪಕ್ಕಕ್ಕೆ ಸರಿಸೋ ಕಾಗದದ ಬಾಗಿಲು, ಬಹಳಷ್ಟು ಕಡೆ ಬಿಸಿನೀರಿನ ಬುಗ್ಗೆಯಿಂದ ಬರೋ ನೀರಲ್ಲಿ ಸ್ನಾನ. ದರ ಸಾಮಾನ್ಯವಾಗಿ ಕೋಣೆಗಲ್ಲ, ತಲೆಗೆ. 'ಇಪ್ಪಾಕು ನಿಶೊಕು' ಅಂತಾರೆ, ಒಂದು ರಾತ್ರಿ ಎರಡು ಊಟ ಅಂತ ಅರ್ಥ. ಮಧ್ಯಮ ದರ್ಜೆಯದಕ್ಕೇ ಒಬ್ಬರಿಗೆ 20,000 ಯೆನ್ ಸುಲಭವಾಗಿ ದಾಟತ್ತೆ. ಇದು ಪ್ರವಾಸಿಗರಿಗಾಗಿ ನಿನ್ನೆ ಮೊನ್ನೆ ಹುಟ್ಟಿದ ವ್ಯಾಪಾರವೂ ಅಲ್ಲ. ಯಮಾನಾಶಿಯ ನಿಶಿಯಾಮಾ ಒನ್ಸೆನ್ ಕೆಯುನ್‌ಕಾನ್ ಶುರುವಾಗಿದ್ದು ಕ್ರಿ.ಶ. 705ರಲ್ಲಿ ಅಂತ ಹೇಳ್ತಾರೆ. ಪ್ರಪಂಚದ ಅತಿ ಹಳೆಯ ಹೋಟೆಲ್ ಅಂತ ಗಿನ್ನೆಸ್ ದಾಖಲೆಯಲ್ಲಿ ಇರೋದು ಅದೇ.

ಇಲ್ಲಿ ಎಲ್ಲಕ್ಕೂ ಗಡಿಯಾರ ಇದೆ. ಮಧ್ಯಾಹ್ನ ಮೂರಕ್ಕೆ ಬಾಗಿಲು ತೆಗೀತಾರೆ. ಎಷ್ಟೊತ್ತಿಗೆ ಬರ್ತೀರಿ ಅಂತ ಮೊದಲೇ ಹೇಳಿರಬೇಕು. ಬಂದ ಕೂಡಲೇ ಚಹಾ, ಜೊತೆಗೊಂದು ಸಣ್ಣ ಸಿಹಿ. ಆಮೇಲೆ ಸ್ನಾನ. ಆರಕ್ಕೋ ಆರೂವರೆಗೋ ಊಟ. ನೀವು ಉಣ್ಣುವಾಗಲೋ, ಉಂಡ ಮೇಲೋ ಯಾರೋ ಬಂದು ಫುತೋನ್ ಅನ್ನೋ ಹಾಸಿಗೆ ಹಾಸಿರ್ತಾರೆ. ಬೆಳಿಗ್ಗೆ ಏಳೂವರೆ ಎಂಟಕ್ಕೆ ಮತ್ತೆ ಊಟ, ಹತ್ತಕ್ಕೆ ಜಾಗ ಖಾಲಿ. ಮೆನು ಕಾರ್ಡ್ ಕೈಗೆ ಬಂದರೂ ಅದು ಆರಿಸಿಕೊಳ್ಳೋಕಲ್ಲ, ಏನೇನು ಬರತ್ತೆ ಅಂತ ಓದಿಕೊಳ್ಳೋಕೆ. ಉಡೋಕೆ ಯುಕಾತಾ ಅನ್ನೋ ಹತ್ತಿ ನಿಲುವಂಗಿಯನ್ನೂ ಅವರೇ ಕೊಡ್ತಾರೆ. ಎಡಗಡೆ ಸೆರಗು ಮೇಲೆ ಬರೋ ಹಾಗೆ ಸುತ್ತಿಕೊಳ್ಳಬೇಕು, ಬಲಗಡೆಯದು ಮೇಲೆ ಬಂದ್ರೆ ಅದು ಹೆಣಕ್ಕೆ ಉಡಿಸೋ ಕ್ರಮ. ಫೋನ್ ತೆಗೆದು ಒತ್ತಿದ್ರೆ ಹತ್ತು ನಿಮಿಷಕ್ಕೆ ಮನೆ ಬಾಗಿಲಿಗೆ ಕೊತ್ತಂಬರಿ ಸೊಪ್ಪು ಬರೋ ಊರಲ್ಲಿ ಬದುಕೋ ನಮಗೆ ಇದು ವಿಚಿತ್ರ. ದುಡ್ಡು ಕೊಟ್ಟವನು ನಾನು, ಅಪ್ಪಣೆ ಮಾಡೋರು ಅವರು.

ಈ ಸತ್ಕಾರಕ್ಕೆ ಜಪಾನಿನವರು 'ಒಮೊತೆನಾಶಿ' ಅಂತಾರೆ. ನಮ್ಮವರು ಅದನ್ನ ತಕ್ಷಣ 'ಅತಿಥಿ ದೇವೋ ಭವ' ಅಂತ ಅನುವಾದ ಮಾಡಿಬಿಡ್ತಾರೆ. ಈ ಅನುವಾದದಲ್ಲೇ ಎಡವಟ್ಟು ಇರೋದು. ಅತಿಥಿ ಅನ್ನೋ ಪದವನ್ನ ನಮ್ಮ ಹಿರಿಯರು ಬಿಡಿಸಿ ಹೇಳೋ ರೀತಿ ನಿಮಗೂ ಗೊತ್ತಿರತ್ತೆ: ತಿಥಿ ಹೇಳದೆ ಬರೋನು ಅತಿಥಿ. (ವಡೆ ಪಾಯಸದ ತಿಥಿ ಅಲ್ಲ, ಪಂಚಾಂಗದ ತಿಥಿ.) ನಮ್ಮೂರ ಸತ್ಕಾರದ ಹೆಮ್ಮೆಯೆಲ್ಲ ಇರೋದು ಹೇಳದೆ ಬಂದವನಿಗೆ ಬಡಿಸೋದರಲ್ಲಿ. ರಾತ್ರಿ ಒಂಬತ್ತಕ್ಕೆ ಕೊನೇ ಬಸ್ಸಿಳಿದು ಯಾರೋ ನೆಂಟರು ಬಂದ್ರೆ ನಮ್ಮಜ್ಜಿ ಸಾರಿಗೆ ಒಂದು ಚೊಂಬು ಬಿಸಿನೀರು ಸುರಿದು, ಉಪ್ಪು ಖಾರ ಸರಿಮಾಡಿ, ಇನ್ನೆರಡು ಮುದ್ದೆ ಕಟ್ಟೋಳು. "ಇನ್ನೊಂಚೂರು ಹಾಕ್ಕಳಪ್ಪ" ಅಂತ ಬಲವಂತ ಬೇರೆ. ಆ ಸತ್ಕಾರದ ಶಕ್ತಿ ಇರೋದು ಹಿಗ್ಗೋದರಲ್ಲಿ.

ರಿಯೋಕಾನ್ ಇದಕ್ಕೆ ತದ್ವಿರುದ್ಧ. ಅಲ್ಲಿ ತಿಥಿ ಹೇಳಿ ಬಂದವನೇ ಅತಿಥಿ. ತಿಥಿ ಮಾತ್ರ ಅಲ್ಲ, ಗಂಟೆ, ಜನ ಎಷ್ಟು, ಏನು ತಿನ್ನಲ್ಲ, ಎಲ್ಲ ಹೇಳಿರಬೇಕು. ಯಾಕಂದ್ರೆ ಅಲ್ಲಿನ ಸತ್ಕಾರದ ಶಕ್ತಿ ಇರೋದು ಸಿದ್ಧತೆಯಲ್ಲಿ. ನೀವು ಬರೋ ಮೊದಲೇ ಕೋಣೆಯ ತೊಕೊನೊಮಾದಲ್ಲಿ, ಅಂದ್ರೆ ಗೋಡೆಯೊಳಗಿನ ಅಲಂಕಾರದ ಗೂಡಿನಲ್ಲಿ, ಆ ಕಾಲಕ್ಕೆ ತಕ್ಕ ಚಿತ್ರದ ಸುರುಳಿ ತೂಗುಹಾಕಿ, ಒಂದೋ ಎರಡೋ ಹೂವು ಇಟ್ಟಿರ್ತಾರೆ. ಮೀನು ಕೊಂಡಿರೋದು ತಲೆ ಲೆಕ್ಕಕ್ಕೆ. ನಕಾಯಿ, ಅಂದ್ರೆ ನಿಮ್ಮ ಕೋಣೆಯನ್ನ ನೋಡಿಕೊಳ್ಳೋ ಹೆಂಗಸು, ಯಾವ ತಟ್ಟೆ ಯಾವಾಗ ತರಬೇಕು ಅಂತ ಲೆಕ್ಕ ಹಾಕಿಟ್ಟಿರ್ತಾಳೆ. ಅವಳು "ಇನ್ನೊಂಚೂರು" ಅನ್ನಲ್ಲ, ಇನ್ನೊಂಚೂರು ಮಾಡಿಯೇ ಇರಲ್ಲ. ಕರೆಂಟ್ ಹೋದ್ರೆ ನಾಟಕ ಅರ್ಧ ಗಂಟೆ ತಡವಾಗಿ ಶುರು ಮಾಡಬಹುದು, ಆದ್ರೆ ಒಬ್ಬ ಪ್ರೇಕ್ಷಕ ತಡವಾಗಿ ಬಂದ ಅಂತ ಮೊದಲಿಂದ ಆಡಲ್ಲ ಅಲ್ವಾ? ರಿಯೋಕಾನ್ ಅಂಥ ಒಂದು ಪ್ರದರ್ಶನ. ಅದನ್ನ ವಿಮರ್ಶೆ ಮಾಡೋದಾದ್ರೆ ಪ್ರದರ್ಶನ ಅಂತಲೇ ಮಾಡಬೇಕು.

ಈ ಪ್ರದರ್ಶನದ ಮುಖ್ಯ ಅಂಕ ರಾತ್ರಿಯ ಊಟ, ಕೈಸೆಕಿ. ಮೊದಲು ತುತ್ತಿನಷ್ಟೇ ಇರೋ ಸಾಕಿಜುಕೆ. ಆಮೇಲೆ ಮುಚ್ಚಳದ ಬಟ್ಟಲಲ್ಲಿ ತಿಳಿಸಾರು. ಆಮೇಲೆ ಹಸಿ ಮೀನಿನ ಸಾಶಿಮಿ, ಸುಟ್ಟಿದ್ದು, ಬೇಯಿಸಿದ್ದು, ಕರಿದಿದ್ದು ಅಥವಾ ಹಬೆಯದ್ದು, ವಿನೆಗರಿನ ಹುಳಿಯದ್ದು. ಕೊನೆಗೆ ಅನ್ನ, ಮಿಸೊ ಸಾರು, ಉಪ್ಪಿನಕಾಯಿ. ಅದಾದ ಮೇಲೆ ಹಣ್ಣು. ಕ್ರಮ ಅಷ್ಟಿಷ್ಟು ಬದಲಾಗತ್ತೆ, ತತ್ವ ಬದಲಾಗಲ್ಲ. ನಮ್ಮಲ್ಲಿ ಊಟದ ಹಂತಗಳು ಸಾರು, ಹುಳಿ, ಮಜ್ಜಿಗೆ ಅಂತ ಅನ್ನಕ್ಕೆ ಕಲಸಿಕೊಳ್ಳೋದರ ಮೇಲೆ ನಿಂತಿವೆ. ಅಲ್ಲಿ ಹಂತಗಳು ನಿಂತಿರೋದು ಅಡುಗೆಯ ವಿಧಾನದ ಮೇಲೆ. ಒಂದೊಂದು ತಟ್ಟೆಗೆ ಒಂದೊಂದು ವಿಧಾನ, ಎಲ್ಲಕ್ಕೂ ಒಂದೇ ಋತು. ಮುಖ್ಯ ಐಟಂ ಅನ್ನೋದು ಇಲ್ಲ. ನಾಗಾನೊ ಬೆಟ್ಟದ ಒಂದು ಸಣ್ಣ ರಿಯೋಕಾನಿನಲ್ಲಿ ಏಪ್ರಿಲ್ ಕೊನೆಗೆ ಉಂಡ ಊಟದಲ್ಲಿ ಏಳು ತಟ್ಟೆಯಲ್ಲಿ ನಾಲ್ಕರಲ್ಲಿ ಆಗಷ್ಟೇ ಚಿಗುರಿದ ಕಾಡು ಸೊಪ್ಪು, ಕುಡಿ. ಸ್ವಲ್ಪ ಕಹಿ. ಮೊದಲ ತಟ್ಟೆಯ ಕಹಿ ನಾಲಿಗೆಗೆ ಅಭ್ಯಾಸ ಆಗೋ ಹೊತ್ತಿಗೆ ಕರಿದ ರೂಪದಲ್ಲಿ ಅದೇ ಕಹಿ ಹಿತವಾಗಿ ಬಂತು. ಇಂಥದ್ದು 'ಆ ಲಾ ಕಾರ್ಟ್' ಕೊಟ್ಟಿದ್ರೆ ನಾನು ಖಂಡಿತ ಆರಿಸ್ತಿರಲಿಲ್ಲ. ಆಯ್ಕೆ ಕಿತ್ತುಕೊಂಡಿದ್ದಕ್ಕೆ ಸಿಕ್ಕಿದ ಲಾಭ ಅದು.

ಅನ್ನ ಕೊನೆಗೆ ಬರೋದು ಯಾಕೆ ಅಂತ ನಮ್ಮವರಿಗೆ ತಲೆಕೆಡತ್ತೆ. ಅನ್ನ ಬರೋವರೆಗೂ ಊಟವೇ ಶುರುವಾಗಿಲ್ಲ ಅಂತ ಕಾಯೋರು ನಾವು. ಇದರ ಹಿಂದೊಂದು ಸ್ವಾರಸ್ಯ ಇದೆ. ಕೈಸೆಕಿ ಅನ್ನೋ ಒಂದೇ ಉಚ್ಚಾರಣೆಗೆ ಎರಡು ಬೇರೆ ಬೇರೆ ಬರಹ, ಎರಡು ಬೇರೆ ಊಟ. ಒಂದು ಚಹಾ ಕೂಟಕ್ಕೆ ಮೊದಲು ಕೊಡೋ ಸರಳ ಊಟ. ಹಸಿವು ತಡೆಯೋಕೆ ಝೆನ್ ಸನ್ಯಾಸಿಗಳು ಬಿಸಿ ಮಾಡಿದ ಕಲ್ಲನ್ನ ಅಂಗಿಯೊಳಗೆ ಎದೆಗೆ ಒತ್ತಿ ಇಟ್ಟುಕೊಳ್ತಿದ್ದರು ಅನ್ನೋ ಕಥೆಯಿಂದ ಅದಕ್ಕೆ 'ಎದೆಯ ಕಲ್ಲು' ಅಂತ ಹೆಸರು. 16ನೇ ಶತಮಾನದ ಚಹಾ ಗುರು ಸೆನ್ ನೊ ರಿಕ್ಯೂನ ಪರಂಪರೆ ಅದು. ಅದರಲ್ಲಿ ಅನ್ನ ಮೊದಲೇ ಬರತ್ತೆ. ಇನ್ನೊಂದು ಕೂಟದ ಊಟ, ಎದೋ ಕಾಲದಲ್ಲಿ ಬೆಳೆದದ್ದು, ಸಾಕೆ ಕುಡೀತಾ ಹರಟೆ ಹೊಡೆಯೋಕೆ. ಸಾಕೆಯೂ ಅಕ್ಕಿಯದ್ದೇ, ಹಾಗಾಗಿ ಕುಡಿಯೋದು ಮುಗಿದ ಮೇಲೆ ಅನ್ನ. ರಿಯೋಕಾನುಗಳಲ್ಲಿ ಹೆಚ್ಚಾಗಿ ಸಿಗೋದು ಈ ಎರಡನೆಯದು. ಆದ್ರೆ ಜಾಹೀರಾತು ಮಾತ್ರ ಮೊದಲನೆಯದರದ್ದು: ಝೆನ್, ಸರಳತೆ, ಮೌನ. ಹತ್ತು ಹನ್ನೆರಡು ತಟ್ಟೆಯ ಭೋಜನಕ್ಕೆ ಸನ್ಯಾಸಿಯ ಹಸಿವಿನ ಕಥೆ ಅಂಟಿಸಿ ಮಾರೋದು ನನಗೆ ಸರಿ ಕಾಣಲ್ಲ. ಹಬ್ಬದೂಟವನ್ನ ಹಬ್ಬದೂಟ ಅಂತಲೇ ಮಾರಬಹುದು, ಅದರಲ್ಲಿ ಅವಮಾನ ಏನೂ ಇಲ್ಲ.

ಇದಕ್ಕಿಂತ ದೊಡ್ಡ ತಕರಾರು ಮಧ್ಯಮ ದರ್ಜೆಯ ರಿಯೋಕಾನುಗಳ ಬಗ್ಗೆ. ನಮ್ಮಂಥವರು ಹೋಗೋದು ಅಲ್ಲಿಗೇ. ಹಬ್ಬದೂಟ ಅಂದ್ರೆ ಹೊಟ್ಟೆ ಬಿರಿಯೋ ಹಾಗಿರಬೇಕು, ಫೋಟೋದಲ್ಲಿ ಮೇಜು ತುಂಬಿರಬೇಕು ಅನ್ನೋ ಒತ್ತಡ ಅಲ್ಲೂ ಇದೆ. ಸಮುದ್ರದಿಂದ ಎಷ್ಟೋ ದೂರದ ಬೆಟ್ಟದ ಮೇಲೂ ಟ್ಯೂನಾ ಸಾಶಿಮಿ ಇಡ್ತಾರೆ, ಪಕ್ಕದ ಹೊಳೆಯಲ್ಲಿ ಒಳ್ಳೇ ಮೀನಿದ್ರೂ. ಅಡುಗೆಮನೆಯಲ್ಲಿ ಕೈ ಕಮ್ಮಿ ಇದ್ರೆ ಅರ್ಧಕ್ಕರ್ಧ ತಟ್ಟೆ ನೀವು ಕೂರೋ ಮೊದಲೇ ಬಂದು ಕೂತಿರ್ತವೆ, ಕರಿದದ್ದು ಆರಿರತ್ತೆ. ಪ್ರತಿಯೊಬ್ಬರ ಮುಂದೆ ಒಂದು ಪುಟ್ಟ ಒಲೆ, ಅದರ ಮೇಲೊಂದು ಸಣ್ಣ ಪಾತ್ರೆ, ಕೆಳಗೆ ಮೇಣದ ಥರ ಉರಿಯೋ ಇಂಧನದ ಬಿಲ್ಲೆ ನೋಡಿರಬಹುದು. "ವಾವ್, ಲೈವ್ ಕುಕಿಂಗ್!" ಅಂತ ನಮ್ಮವರು ವಿಡಿಯೋ ಮಾಡ್ತಾರೆ. ಎಂಜಿನಿಯರ್ ಕಣ್ಣಲ್ಲಿ ನೋಡಿ, ಅದು ಅಡುಗೆಮನೆಯ ಲೋಡನ್ನ ನಿಮ್ಮ ಮೇಜಿಗೆ ಹಂಚೋ ಉಪಾಯ. ನಲವತ್ತು ಜನಕ್ಕೆ ಒಂದೇ ಹೊತ್ತಿಗೆ ಬಿಸಿಬಿಸಿ ತಂದುಕೊಡೋಕೆ ಆಗದಿದ್ದಾಗ, ಕಡ್ಡಿ ಗೀರಿ ಹೋದ್ರೆ ಬಿಸಿ ತಾನಾಗೇ ಆಗತ್ತೆ. ಉಪಾಯ ಜಾಣತನದ್ದೇ. ಆದ್ರೆ ನಾನು ಉಂಡ ಮೂರು ಊಟಗಳಲ್ಲಿ ಆ ಪಾತ್ರೆಯೊಳಗಿನದ್ದೇ ಎಲ್ಲಕ್ಕಿಂತ ಸಪ್ಪೆ.

ನಿಜ ಹೇಳಬೇಕು ಅಂದ್ರೆ ನನ್ನ ಓಟು ಬೆಳಗಿನ ಊಟಕ್ಕೆ. ಅನ್ನ, ಮಿಸೊ ಸಾರು, ಒಂದು ತುಂಡು ಸುಟ್ಟ ಮೀನು, ಮೊಟ್ಟೆ, ಕಡಲಪಾಚಿಯ ಹಾಳೆ, ಉಪ್ಪಿನಕಾಯಿ, ಹುದುಗಿಸಿದ ಸೋಯಾ ಕಾಳಿನ ನತ್ತೊ. ಯಾರನ್ನೂ ಮೆಚ್ಚಿಸೋ ಹಟ ಇಲ್ಲದ ಊಟ. ಅಕ್ಕಿ ಒಳ್ಳೇದಾ, ಸಾರಿನ ಬುಡ ಸರಿ ಇದೆಯಾ ಅನ್ನೋದು ಬೆಳಗಿನ ಊಟದಲ್ಲಿ ಬಯಲಾಗತ್ತೆ, ಮುಚ್ಚಿಡೋಕೆ ಬೇರೇನೂ ಇರಲ್ಲ. ರಿಯೋಕಾನಿನ ಅಡುಗೆಮನೆಯನ್ನ ಅಳೆಯೋಕೆ ಇದಕ್ಕಿಂತ ಒಳ್ಳೇ ಪರೀಕ್ಷೆ ನನಗೆ ಕಂಡಿಲ್ಲ.

ಸಾರಿನ ಬುಡ ಅಂದೆ. ಅದರ ಹೆಸರು ದಾಶಿ. ಕೊಂಬು ಅನ್ನೋ ಕಡಲಪಾಚಿ, ಕತ್ಸುವೊಬುಶಿ ಅನ್ನೋ ಹೊಗೆಯಾಡಿಸಿ ಒಣಗಿಸಿದ ಮೀನಿನ ಹೆರಕಲು, ಇವೆರಡನ್ನೂ ನೀರಲ್ಲಿ ಅದ್ದಿ ತೆಗೆದ ರಸ. 1908ರಲ್ಲಿ ಇಕೆದಾ ಕಿಕುನಾಎ ಅನ್ನೋ ರಸಾಯನ ವಿಜ್ಞಾನಿ ಕೊಂಬಿನಿಂದ ಗ್ಲುಟಮೇಟ್ ಬೇರ್ಪಡಿಸಿ ಆ ರುಚಿಗೆ 'ಉಮಾಮಿ' ಅಂತ ಹೆಸರಿಟ್ಟ. ದಾಶಿ ಬರೀ ಸಾರಿನಲ್ಲಿರಲ್ಲ. ಬೇಯಿಸಿದ ತರಕಾರಿಯಲ್ಲಿ, ಮೊಟ್ಟೆಯ ಹಬೆ ಕಡುಬಿನಲ್ಲಿ, ತೆಂಪುರಾ ಅದ್ದೋ ರಸದಲ್ಲಿ, ಸೊಪ್ಪಿನ ಮೇಲೆ ಹನಿಸೋ ಸೋಯಾದಲ್ಲೂ ಇರತ್ತೆ. ಸಸ್ಯಾಹಾರಿಗಳ ಕಷ್ಟ ಶುರುವಾಗೋದು ಇಲ್ಲಿ. ಹಕೋನೆಯ ಒಂದು ರಿಯೋಕಾನಿಗೆ ನನ್ನ ಜೊತೆ ಬಂದಿದ್ದ ಸಹೋದ್ಯೋಗಿ ಸಸ್ಯಾಹಾರಿ. ಮೂರು ವಾರ ಮೊದಲೇ ತಿಳಿಸಿದ್ವಿ. ಅವರು ಮೀನು, ಮಾಂಸ ತೆಗೆದು ತೋಫು, ತರಕಾರಿ ಇಟ್ಟಿದ್ದರು. ರಸ ಯಾವುದರದ್ದು ಅಂತ ಕೇಳಿದಾಗ ನಕಾಯಿ ಒಳಗೆ ಹೋಗಿ ಕೇಳಿಕೊಂಡು ಬಂದು, ಮಂಡಿಯೂರಿ, ಮೀನಿನದ್ದೇ ಅಂತ ತಲೆ ತಗ್ಗಿಸಿ ಹೇಳಿದಳು. ಪ್ರಾಮಾಣಿಕತೆಗೆ ಪೂರ್ತಿ ಅಂಕ. ಆದ್ರೆ ಅವನ ಪಾಲಿಗೆ ಉಳಿದದ್ದು ಅನ್ನ, ಉಪ್ಪಿನಕಾಯಿ, ಹಣ್ಣು. ತಲೆಗೆ ಕೊಟ್ಟ ದರ ಇಬ್ಬರದ್ದೂ ಒಂದೇ.

"ಅದು ಅವರ ಸಂಪ್ರದಾಯ, ನಾವು ಹೊಂದಿಕೋಬೇಕು" ಅಂತ ಕೆಲವರು ಸಮಾಧಾನ ಹೇಳ್ತಾರೆ. ನನಗೆ ಆ ಸಮಾಧಾನ ಒಪ್ಪಿಗೆ ಇಲ್ಲ, ಯಾಕಂದ್ರೆ ಮೀನಿಲ್ಲದೆ ಅಡುಗೆ ಮಾಡೋದೂ ಅವರದ್ದೇ ಸಂಪ್ರದಾಯ. 9ನೇ ಶತಮಾನದಲ್ಲಿ ಕೂಕಾಯ್ ಅನ್ನೋ ಬೌದ್ಧ ಗುರು ನೆಲೆ ಮಾಡಿಕೊಂಡ ಕೋಯಾ ಬೆಟ್ಟದ ಮೇಲೆ ಇವತ್ತಿಗೂ ಐವತ್ತರಷ್ಟು ದೇವಾಲಯಗಳು ಯಾತ್ರಿಕರಿಗೆ ತಂಗೋಕೆ ಜಾಗ ಕೊಡ್ತವೆ. ಅಲ್ಲಿನ ಶೋಜಿನ್ ಊಟದಲ್ಲಿ ಮೀನು, ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ದಾಶಿ ತೆಗೆಯೋದು ಕೊಂಬು ಮತ್ತು ಒಣಗಿದ ಶಿಯಿತಾಕೆ ಅಣಬೆಯಿಂದ. ಎಳ್ಳನ್ನ ರುಬ್ಬಿ ಕುದ್ಸು ಗೆಡ್ಡೆಯ ಹಿಟ್ಟಿನ ಜೊತೆ ಕಾಯಿಸಿ ಮಾಡೋ 'ಗೊಮಾ ದೋಫು' ಅಲ್ಲಿನ ಹೆಸರಾದ ತಿನಿಸು. ಗೊಮಾ ಅಂದ್ರೆ ಎಳ್ಳು. ಅದೇ ಉಚ್ಚಾರಣೆಯ ಇನ್ನೊಂದು ಗೊಮಾ ಅಲ್ಲಿನ ಗುಡಿಗಳಲ್ಲಿ ನಡೆಯೋ ಬೆಂಕಿಯ ಪೂಜೆ, ಅದು ನಮ್ಮ 'ಹೋಮ' ಅನ್ನೋ ಸಂಸ್ಕೃತ ಪದವೇ ಚೀನಾ ದಾಟಿ ಅಲ್ಲಿಗೆ ಹೋಗಿದ್ದು. ಅಂದಮೇಲೆ ರಿಯೋಕಾನಿಗೆ ಸಸ್ಯಾಹಾರದ ವಿದ್ಯೆ ಗೊತ್ತಿಲ್ಲ ಅನ್ನೋ ಹಾಗಿಲ್ಲ. ಕೊರತೆ ಇರೋದು ಪ್ಲಾನಿಂಗಿನಲ್ಲಿ. ಸಿದ್ಧತೆಯೇ ತನ್ನ ಹೆಚ್ಚುಗಾರಿಕೆ ಅಂತ ಹೇಳಿಕೊಳ್ಳೋ ಮನೆ ಮೂರು ವಾರ ಮೊದಲು ಗೊತ್ತಿದ್ದೂ ಇನ್ನೊಂದು ಪಾತ್ರೆಯಲ್ಲಿ ಅಣಬೆಯ ರಸ ಕಾಯಿಸದೇ ಇದ್ರೆ, ಅದು ತನ್ನದೇ ಅಳತೆಯಲ್ಲಿ ಸೋತ ಹಾಗೆ.

ಇನ್ನು ಯಾರೂ ಮಾತಾಡದ ವಿಷಯ. ಈ ಸಿದ್ಧತೆಯನ್ನೆಲ್ಲ ಹೊರೋರು ಯಾರು? ಬೆಳಗಿನ ಊಟಕ್ಕೆ ನಕಾಯಿ ನಸುಕಿನಲ್ಲೇ ಕೆಲಸಕ್ಕೆ ನಿಲ್ಲಬೇಕು. ಮಧ್ಯಾಹ್ನ ಒಂದಷ್ಟು ಹೊತ್ತು ಬಿಡುವು, ಆದ್ರೆ ಮನೆಗೆ ಹೋಗಿಬರೋಷ್ಟು ಅಲ್ಲ. ಮೂರಕ್ಕೆ ಮತ್ತೆ ಶುರು, ರಾತ್ರಿ ಹಾಸಿಗೆ ಹಾಸಿ, ಪಾತ್ರೆ ತೆಗೆಯೋವರೆಗೆ. ಒಂದೇ ದಿನವನ್ನ ಎರಡು ತುಂಡು ಮಾಡಿ ದುಡಿಯೋ ಈ ಪದ್ಧತಿ ರಿಯೋಕಾನುಗಳಲ್ಲಿ ಮಾಮೂಲು. ತಟ್ಟೆ ಹೊತ್ತು ಮೆಟ್ಟಿಲು ಹತ್ತಬೇಕು, ಪ್ರತಿ ಕೋಣೆಯಲ್ಲೂ ಮಂಡಿಯೂರಿ ಏಳಬೇಕು. ಮಿಯಾಝಾಕಿ ಹಯಾವೊ ಅವರ 2001ರ 'ಸ್ಪಿರಿಟೆಡ್ ಅವೇ' ಸಿನಿಮಾ ನೋಡಿದ್ದೀರಲ್ಲ? ಎಲ್ಲರೂ ಅದನ್ನ ಮಾಯಾಲೋಕದ ಕಥೆ ಅಂತಾರೆ. ನನಗೆ ಅದು ದೇವರುಗಳು ಬಂದು ಸ್ನಾನ ಮಾಡಿ ಉಂಡು ಹೋಗೋ ಒಂದು ದೊಡ್ಡ ಮನೆಯ ಕೆಲಸದವರ ಕಥೆ. ಕೆಲಸಕ್ಕೆ ಸೇರಿದ ದಿನವೇ ಒಡತಿ ಆ ಹುಡುಗಿಯ ಹೆಸರಿನ ಒಂದು ತುಂಡು ಕಿತ್ತುಕೊಳ್ತಾಳೆ, ಚಿಹಿರೊ ಬರೀ ಸೆನ್ ಆಗಿಬಿಡ್ತಾಳೆ. ಅತಿಥಿ ದೇವರೇ ಆದ್ರೂ, ಆ ದೇವರ ಕೊಳೆ ತಿಕ್ಕೋರು ಯಾರು ಅಂತ ಆ ಸಿನಿಮಾ ಕೇಳತ್ತೆ.

ಈ ಪ್ರಶ್ನೆಗೆ ಕೆಲವು ರಿಯೋಕಾನುಗಳೇ ಉತ್ತರ ಹುಡುಕಿವೆ. ನೋತೊ ಪರ್ಯಾಯದ್ವೀಪದ ವಾಕುರಾದಲ್ಲಿದ್ದ ಕಾಗಾಯಾ ದಶಕಗಳ ಕಾಲ ಜಪಾನಿನಲ್ಲೇ ಅತ್ಯುತ್ತಮ ಅನ್ನಿಸಿಕೊಂಡಿದ್ದ ದೊಡ್ಡ ರಿಯೋಕಾನ್. 2024ರ ಜನವರಿ 1ರ ಭೂಕಂಪದಲ್ಲಿ ಜಖಂ ಆಗಿ ಅದರ ಬಾಗಿಲು ಮುಚ್ಚಿತು. ಅಡುಗೆಮನೆಯಿಂದ ಮಹಡಿಗಳಿಗೆ ಊಟ ಸಾಗಿಸೋ ಕೆಲಸವನ್ನ ಅವರು ಎಷ್ಟೋ ವರ್ಷಗಳ ಹಿಂದೆಯೇ ಯಂತ್ರಕ್ಕೆ ವಹಿಸಿದ್ದರು. ಹೊರೆ ಯಂತ್ರ ಹೊತ್ತರೆ ನಕಾಯಿ ಅತಿಥಿಯ ಹತ್ತಿರ ಇರಬಹುದು ಅನ್ನೋ ಲೆಕ್ಕ. ಕನಗಾವಾದ ತ್ಸುರುಮಾಕಿಯಲ್ಲಿರೋ ಜಿನ್ಯಾದ ಕಥೆ ನಮ್ಮ ಕಸುಬಿಗೆ ಇನ್ನೂ ಹತ್ತಿರ. ಸಾಲದಲ್ಲಿ ಮುಳುಗಿದ್ದ ಆ ಮನೆಯನ್ನ ಹೋಂಡಾ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಮಗ, ಅವರ ಹೆಂಡತಿ 2009ರಲ್ಲಿ ವಹಿಸಿಕೊಂಡರು. ಬುಕಿಂಗ್, ಅತಿಥಿಯ ವಿವರ, ಅಡುಗೆಯ ಲೆಕ್ಕ ಎಲ್ಲವನ್ನೂ ಒಂದೇ ಕಡೆ ತರೋ ಸಾಫ್ಟ್‌ವೇರ್ ತಾವೇ ಕಟ್ಟಿಸಿದರು, ಆಮೇಲೆ ಬೇರೆ ರಿಯೋಕಾನುಗಳಿಗೂ ಮಾರಿದರು. ಉಳಿದ ಸಮಯದಲ್ಲಿ ಏನು ಮಾಡಿದರು ಅನ್ನೋದು ಮುಖ್ಯ. ಇನ್ನಷ್ಟು ಕೋಣೆ ತುಂಬಿಸಲಿಲ್ಲ. ವಾರಕ್ಕೆ ಎರಡು ದಿನ ರಿಯೋಕಾನಿಗೇ ರಜಾ ಕೊಟ್ಟರು. ಅತಿಥಿಗಳಿಗೆ ಬಾಗಿಲು ಬಂದ್, ಕೆಲಸದವರಿಗೆ ವಾರದ ರಜೆ.

ವರ್ಷದ 365 ದಿನವೂ ತೆರೆದಿರೋದೇ ಸತ್ಕಾರ ಅಂತ ನಂಬಿದ್ದ ವ್ಯಾಪಾರದಲ್ಲಿ ಇದು ಸಣ್ಣ ಮಾತಲ್ಲ. ಜಪಾನಿನಲ್ಲಿ 1980ರ ದಶಕದಲ್ಲಿ 80 ಸಾವಿರದಷ್ಟಿದ್ದ ರಿಯೋಕಾನುಗಳು 2010ರ ದಶಕದ ಕೊನೆಗೆ 40 ಸಾವಿರಕ್ಕಿಂತ ಕೆಳಗೆ ಇಳಿದಿದ್ದವು. ನಡೆಸೋಕೆ ಮಕ್ಕಳು ಮುಂದೆ ಬರಲ್ಲ, ದುಡಿಯೋಕೆ ಜನ ಸಿಗಲ್ಲ. ನಮ್ಮೂರಿನ ಹಳೇ ಮನೆಗಳು ಖಾಲಿಯಾಗಿದ್ದನ್ನ ನೋಡಿ ಬೆಳೆದ ನನಗೆ ಇದು ಹೊಸದಲ್ಲ. ರಾತ್ರಿ ಒಂಬತ್ತಕ್ಕೆ ಮುದ್ದೆ ಕಟ್ಟಿದ ಅಜ್ಜಿಯನ್ನ ಹೊಗಳಿದೆ. ಆದ್ರೆ ಆ ಕೈಗೆ ಒಂದು ದಿನವೂ ರಜೆ ಇರಲಿಲ್ಲ. ನಮ್ಮ ಸತ್ಕಾರ ಹಿಗ್ಗುತ್ತಿದ್ದದ್ದು ಅವಳ ನಿದ್ದೆಯ ಲೆಕ್ಕದಲ್ಲಿ. ತಿಥಿ ಹೇಳಿ ಬರೋ ಪದ್ಧತಿಯಲ್ಲಿ ಕನಿಷ್ಠ ಆ ಹೊರೆಯನ್ನ ಮೊದಲೇ ಎಣಿಸಿ, ಹಂಚಿಕೊಳ್ಳೋ ಅವಕಾಶ ಇದೆ. ಎಣಿಸೋದಾ ಬೇಡವಾ ಅನ್ನೋದು ಆ ಮನೆಯ ಯಜಮಾನರಿಗೆ ಬಿಟ್ಟದ್ದು. ಎಣಿಸಿದ ಮನೆಗೆ ಹೋಗೋದು ನಮಗೆ ಬಿಟ್ಟದ್ದು.

ಹಾಗಾದ್ರೆ ದುಡ್ಡಿಗೆ ತಕ್ಕದ್ದಾ? ನನ್ನ ಲೆಕ್ಕದಲ್ಲಿ ತಕ್ಕದ್ದು, ಆದ್ರೆ ಯಾವ ಮನೆ ಅನ್ನೋದರ ಮೇಲೆ. ಐವತ್ತು ಕೋಣೆಯದಕ್ಕಿಂತ ಹತ್ತು ಕೋಣೆಯದು ನೋಡಿ. ಹನ್ನೆರಡು ತಟ್ಟೆ ಅಂತ ಹೇಳಿಕೊಳ್ಳೋದಕ್ಕಿಂತ, ಬೆಟ್ಟದಲ್ಲಿದ್ದು ಹೊಳೆ ಮೀನು, ಕಾಡು ಸೊಪ್ಪು ಬಡಿಸೋದು ನೋಡಿ. ಸಸ್ಯಾಹಾರಿ ಆಗಿದ್ರೆ "ವೆಜ್ ಸಿಗತ್ತಾ" ಅಂತ ಕೇಳಬೇಡಿ, "ದಾಶಿ ಯಾವುದರದ್ದು" ಅಂತ ಕೇಳಿ, ಅಥವಾ ಒಂದು ರಾತ್ರಿ ಕೋಯಾ ಬೆಟ್ಟಕ್ಕೆ ಕೊಡಿ. ಜಪಾನಿನಲ್ಲಿ ಟಿಪ್ಸ್ ಇಲ್ಲ ಅನ್ನೋದು ಸಾಮಾನ್ಯವಾಗಿ ನಿಜ, ಆದ್ರೆ ರಿಯೋಕಾನಿನಲ್ಲಿ ನಕಾಯಿಗೆ ಮೊದಲೇ ಸಣ್ಣ ಲಕೋಟೆಯಲ್ಲಿ 'ಕೊಕೊರೊಜುಕೆ' ಕೊಡೋ ಹಳೇ ವಾಡಿಕೆ ಇದೆ. ಕಡ್ಡಾಯ ಅಲ್ಲ, ಕೆಲವರು ಬೇಡ ಅಂತಾರೆ, ಒತ್ತಾಯ ಮಾಡಬೇಡಿ. ವಾರದಲ್ಲಿ ಎರಡು ದಿನ ಮುಚ್ಚಿರೋ ರಿಯೋಕಾನ್ ಕಂಡ್ರೆ ಬೇಜಾರಾಗದೆ ನಿಮ್ಮ ಟ್ರಿಪ್ಪಿನ ದಿನವನ್ನೇ ಬದಲಾಯಿಸಿ. ಆರೂವರೆಗೆ ಊಟ ಅಂದ್ರೆ ಆರೂ ಇಪ್ಪತ್ತಕ್ಕೇ ಹೋಗಿ ಕೂತ್ಕೊಳ್ಳಿ. ಒಳಗೆ ಯಾರೋ ನಿಮ್ಮ ಹೊತ್ತಿಗೆ ಸರಿಯಾಗಿ ಮೀನು ಕೆಂಡದ ಮೇಲೆ ಇಟ್ಟಿರ್ತಾರೆ.